ತೋಳಿಗೆ ಸಾಲದ ಪಟ್ಟಿ

ಅಕ್ಕನ ತೋಳಿಗೆ ನಮ್ಮ ಓಣಿಯ ದವಾಖಾನೆಯ ಬಿಪಿ ಪಟ್ಟಿ ಸುತ್ತುತ್ತಿರಲಿಲ್ಲ. ನರ್ಸು ಎರಡೂ ತುದಿ ಎಳೆದು ಹೇಗೋ ಅಂಟಿಸಿ ಗಾಳಿ ಹಾಕುತ್ತಿದ್ದಳು. ಅರ್ಧ ಗಾಳಿ ತುಂಬುವಷ್ಟರಲ್ಲಿ ಪಟ್ಟಿ ಚರ್ರನೆ ಬಿಚ್ಚಿಕೊಳ್ಳುತ್ತಿತ್ತು. ಆ ಸದ್ದಿಗೆ ಬೆಂಚಿನ ಮೇಲೆ ಕುಳಿತವರೆಲ್ಲ ತಿರುಗಿ ನೋಡುತ್ತಿದ್ದರು. ಮೊಣಕೈ ಹತ್ತಿರ ಹಸುಗೂಸಿನ ಕೈಯ ಹಾಗೆ ಗುಳಿ ಬಿದ್ದ ಆ ಮೆತ್ತನೆಯ ತೋಳು, ಪಟ್ಟಿಯ ಅಂಚು ಕೊರೆದ ಕೆಂಪು ಗೆರೆಯನ್ನು ಹೊತ್ತುಕೊಂಡು ಸ್ವಲ್ಪ ಹೊತ್ತು ಮೇಜಿನ ಮೇಲೆ ಹಾಗೇ ಬಿದ್ದಿರುತ್ತಿತ್ತು. ಆಮೇಲೆ ಅಕ್ಕ ಅದರ ಮೇಲೆ ಸೆರಗು ಎಳೆದುಕೊಂಡು, 'ನಿಮ್ಮ ಪಟ್ಟಿಗೆ ಬಟ್ಟಿ ಕಮ್ಮಿ ಹಾಕ್ಯಾರ ಬಿಡ್ರಿ ಸಿಸ್ಟರ್' ಎಂದು ನಗುತ್ತಿದ್ದಳು. ನಗುವಾಗ ಅವಳ ಕಿವಿಯ ಕೆಳಗೆ ಬೆವರು ಇಳಿಯುವುದು ಪಕ್ಕದಲ್ಲಿ ನಿಂತ ನನಗೆ ಕಾಣುತ್ತಿತ್ತು.

ಅವಳು ನನ್ನ ಒಡಹುಟ್ಟಿದವಳಲ್ಲ. ನಾನು ಪಾಮನಕಲ್ಲೂರಿನವಳು. ಸಿಂಧನೂರಿನ ಹೈಸ್ಕೂಲಿಗೆ ಹಿಂದಿ ಟೀಚರಾಗಿ ಬಂದಾಗ ಬಾಡಿಗೆ ಮನೆ ಹುಡುಕುತ್ತ ಚಪ್ಪಲಿ ಸವೆಸಿದೆ. ಹೋದ ಕಡೆಯೆಲ್ಲ ಮೊದಲು ಊರು ಕೇಳುತ್ತಿದ್ದರು, ಆಮೇಲೆ ಅಡ್ಡಹೆಸರು ಕೇಳುತ್ತಿದ್ದರು, ಆಮೇಲೆ 'ನಮ್ಮ ಮಗಳು ಬಂದು ಇರ್ತಾಳಂತ್ರಿ' ಎನ್ನುತ್ತಿದ್ದರು. ನಮ್ಮದು ಗೋಡೆಯ ಮೇಲೆ ಬುದ್ಧನ ಫೋಟೊ ಇರುವ ಮನೆ ಎಂದು ಅಷ್ಟರಲ್ಲಿ ಅವರಿಗೆ ಗೊತ್ತಾಗಿರುತ್ತಿತ್ತು. ಕೊನೆಗೆ ಯಾರೋ ಲೇಡೀಸ್ ಟೇಲರ್ ಒಬ್ಬಳ ಅಂಗಡಿ ತೋರಿಸಿದರು. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಸ್ಟೂಲು ಕಾಣದ ಹಾಗೆ ಅದರ ಮೇಲೆ ಕುಳಿತಿದ್ದ ಹೆಂಗಸು ಮಷಿನ್ನಿನಿಂದ ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಅಡ್ಡಹೆಸರು ಹೇಳಲು ತಯಾರಾಗಿ ನಿಂತೆ.

'ಈ ಬ್ಲೌಸ್ ಯಾರು ಹೊಲದಾರವ್ವಾ? ಕಂಕಳದಾಗ ಹಿಡದು ಜೀವ ತಿನ್ನಾಕತ್ತೈತಿ. ಒಳಗ ಹೋಗಿ ಬಿಚ್ಚಿ ಕೊಡು, ಚಾ ಆಗೂದ್ರಾಗ ಸರಿ ಮಾಡಿ ಕೊಡ್ತೀನಿ' ಎಂದಳು.

ಚಾ ಕುಡಿದ ಮೇಲೆ ಪಕ್ಕದ ಮನೆಯ ಕೀಲಿಕೈ ಕೊಟ್ಟಳು. ಅಂದಿನಿಂದ ಅವಳು ನನಗೆ ಅಕ್ಕ. ಮೂರು ಗಾಲಿಯ ಗೂಡ್ಸ್ ಟಂಟಂ ಓಡಿಸಿಕೊಂಡಿದ್ದ ಅವಳ ಗಂಡ ನನಗೆ ಮಾವ.

ಅಕ್ಕನ ಅಂಗಡಿಗೆ ಬರದ ಹೆಂಗಸರಿಲ್ಲ. ಸುತ್ತಲಿನ ವಲಸಿಗರ ಕ್ಯಾಂಪುಗಳಿಂದ ತೆಲುಗಿನವರು ಬರುತ್ತಿದ್ದರು, ಬಿಳಿ ಶಂಖದ ಶಾಖಾ ಬಳೆ ಹಾಕಿದ ಬಂಗಾಲಿ ಹೆಂಗಸರು ಬರುತ್ತಿದ್ದರು, ಬುರ್ಖಾದೊಳಗಿನಿಂದ ಬಟ್ಟೆಯ ಗಂಟು ತೆಗೆಯುವ ಬೀಬಿಯರು ಬರುತ್ತಿದ್ದರು. ಅಕ್ಕನಿಗೆ ಎಲ್ಲರ ಭಾಷೆಯಲ್ಲೂ ಅಳತೆಗೆ ಬೇಕಾದಷ್ಟು ಮಾತು ಬರುತ್ತಿತ್ತು, ಜಗಳಕ್ಕೆ ಬೇಕಾದಷ್ಟೂ ಬರುತ್ತಿತ್ತು. ಟೇಪು ಹಿಡಿದು ನಿಂತಾಗ ಮಾತ್ರ ಅವಳ ಬಾಯಿಂದ ಯಾರ ಮೈಯ ಬಗ್ಗೆಯೂ ಒಂದು ಮಾತು ಹೊರಬೀಳುತ್ತಿರಲಿಲ್ಲ. ಯಾವಳಾದರೂ ನಾಚಿಕೊಂಡು ಹೊಟ್ಟೆ ಒಳಗೆ ಎಳೆದುಕೊಂಡರೆ, 'ಉಸಿರು ಬಿಡವ್ವಾ, ಬಟ್ಟಿ ನಿನಗ ಹೊಲಿಯೂದು, ನೀ ಬಟ್ಟಿಗೆ ಅಲ್ಲ' ಎನ್ನುತ್ತಿದ್ದಳು. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಡುವುದು ಅವಳ ಪದ್ಧತಿ. ಬೇಕಾದಾಗ ಬಿಚ್ಚಿಕೊಳ್ಳಬಹುದಲ್ಲ. ಮೈ ಒಂದೇ ಸಮ ಇರಬೇಕೆಂದು ಹೆಂಗಸರಿಂದ ನಿರೀಕ್ಷಿಸುವುದೇ ಅನ್ಯಾಯ ಎಂಬುದು ಅವಳ ಖಚಿತ ಅಭಿಪ್ರಾಯ. ನಾನೂ ತೆಳ್ಳನೆಯವಳಲ್ಲವಾದ್ದರಿಂದ ನನಗೆ ಅವಳು ಮೂರು ಬೆರಳು ಬಿಡುತ್ತಿದ್ದಳು.

ಅವಳ ಸ್ವಂತ ಮೈಯ ಬಗ್ಗೆ ಊರಿಗೆ ಎರಡು ಮಾತಿತ್ತು. ಮದುವೆ ಮನೆಗಳಲ್ಲಿ, ಬಸುರಿಯರ ಕುಬಸದ ಮನೆಗಳಲ್ಲಿ ಮೊದಲ ಕುಂಕುಮ ಹಚ್ಚಲು ಅವಳನ್ನೇ ಕರೆಯುತ್ತಿದ್ದರು. ಮೈ ಕೈ ತುಂಬಿಕೊಂಡು, ಕೈತುಂಬ ಹಸಿರು ಬಳೆ ಹಾಕಿಕೊಂಡು ಅವಳು ಬಂದು ಕೂತರೆ ಮನೆಗೆ ಲಕ್ಷ್ಮಿ ಬಂದು ಕೂತಂತೆ ಎನ್ನುತ್ತಿದ್ದರು. ಉಣ್ಣುವಾಗ ಅವಳು ಬೇಡವೆಂದರೆ ಮನೆಯವರಿಗೆ ಅಪಶಕುನ. ದವಾಖಾನೆಯಲ್ಲಿ ಇದೇ ಮೈ ಬೇರೆಯಾಗಿಬಿಡುತ್ತಿತ್ತು. ಮೊಣಕಾಲು ನೋವೆಂದು ಹೋದರೆ ತೂಕ ಇಳಿಸಿರಿ ಎಂದರು. ಸರಿ. ಕೆಮ್ಮಿಗೆ ಹೋದಾಗಲೂ ಅದನ್ನೇ ಎಂದರು. ಕಿವಿ ಸೋರುತ್ತದೆ ಎಂದು ಹೋದಾಗಲೂ ಅದನ್ನೇ ಎಂದಾಗ ಅಕ್ಕ, 'ಕಿವಿದು ತೂಕ ಹೆಂಗ ಇಳಸಬೇಕ್ರಿ ಸಾಹೇಬ್ರ?' ಎಂದು ಕೇಳಿ ಬಂದಿದ್ದಳಂತೆ. ಅದನ್ನು ಹೇಳಿ ಹೇಳಿ ನಗುತ್ತಿದ್ದಳು. ಆಮೇಲೆ ಎರಡು ವರ್ಷ ಯಾವ ದವಾಖಾನೆಯ ಮೆಟ್ಟಿಲನ್ನೂ ತುಳಿದಿರಲಿಲ್ಲ ಎಂಬುದನ್ನು ನಗುವಾಗ ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಗೆ ಹೋದಾಗ ಅಕ್ಕ ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಬಾಗಿಲು ಮುಚ್ಚು ಎಂದಳು. ಸೆರಗು ಸರಿಸಿ ತೋರಿಸಿದಳು. ಹೊಕ್ಕುಳ ಮೇಲೆ ನಿಂಬೆಹಣ್ಣಿನಷ್ಟು ಗಂಟು. ಬೆರಳಿನಿಂದ ಮೆಲ್ಲಗೆ ಒತ್ತಿದಳು, ಅದು ಗುಳುಗುಳು ಎಂದು ಒಳಗೆ ಹೋಯಿತು. ಕೆಮ್ಮಿದಳು, ಮತ್ತೆ ಹೊರಗೆ ಬಂತು.

'ಯಾರಿಗೂ ಹೇಳಬ್ಯಾಡ' ಎಂದಳು. 'ನಿಮ್ಮ ಮಾವಗಂತೂ ಹೇಳಲೇಬ್ಯಾಡ. ಅಂವ ಟಂಟಂ ಬಿಟ್ಟು ಅಳಕೊಂತ ಕುಂದರ್ತಾನ.'

ನಾನು ಹುಟ್ಟಾ ಪುಕ್ಕಲಿ. ಗೋಡೆಯ ಮೇಲಿಂದ ಹಲ್ಲಿ ಬಿದ್ದರೂ ಎದೆ ಹಿಡಿದುಕೊಳ್ಳುವವಳು. ಮಾವನಿಗೆ ಅಂದೇ ಹೇಳಿದೆ. ಅವನು ಅಳಲಿಲ್ಲ. ಬಟ್ಟೆಯ ಮೂಟೆಗಳನ್ನು ಇಳಿಸಿ, ಟಂಟಂ ಹಿಂದೆ ಒಂದು ಕುರ್ಚಿ ಹಗ್ಗದಿಂದ ಕಟ್ಟಿದ. ಆಟೋದವರು ಇವಳನ್ನು ಕಂಡರೆ ಇಬ್ಬರ ಸೀಟು ಎಂದು ಗೊಣಗುತ್ತಿದ್ದರಿಂದ ಅಕ್ಕ ಎಲ್ಲಿಗೆ ಹೋದರೂ ಆ ಕುರ್ಚಿಯಲ್ಲೇ ಹೋಗುತ್ತಿದ್ದಳು. ಊರ ನಡುವೆ ಮೆರವಣಿಗೆ ಹೊರಟ ದೇವರ ಹಾಗೆ ಕಾಣುತ್ತೀ ಎಂದು ನಾನು ಚೇಷ್ಟೆ ಮಾಡಿದರೆ, 'ಹೂವಿನ ಹಾರ ಒಂದು ಕಮ್ಮಿ ಐತಿ ನೋಡು' ಎನ್ನುತ್ತಿದ್ದಳು.

ಮೊದಲ ಡಾಕ್ಟರು ಕುರ್ಚಿಯಿಂದ ಏಳಲಿಲ್ಲ. ಅಕ್ಕ ಗಂಟು ಎಂದಳು, ಅವರು ಕೊಬ್ಬು ಎಂದರು. ಎರಡನೆಯವರು ಸ್ಕ್ಯಾನ್ ಮಾಡಿಸಿದರು. ಅದು ಹರ್ನಿಯಾ ಎಂದು ಗೊತ್ತಾಯಿತು. ಹೊಟ್ಟೆಯ ಗೋಡೆ ಒಂದು ಕಡೆ ಸಡಿಲಾಗಿ ಕರುಳು ಅಲ್ಲಿಂದ ಇಣುಕುತ್ತಿದೆ, ಆಪರೇಷನ್ ಆಗಲೇಬೇಕು ಎಂದರು. ಆದರೆ ಇಷ್ಟು ಮೈಗೆ ಅರಿವಳಿಕೆ ಕೊಡುವುದು ಕಷ್ಟ, ಬಿಪಿ ಹದಕ್ಕೆ ಬರದೆ ಅರಿವಳಿಕೆಯ ಡಾಕ್ಟರು ಒಪ್ಪುವುದಿಲ್ಲ, ಮೊದಲು ತೂಕ, ಬಿಪಿ ಎರಡನ್ನೂ ಇಳಿಸಿಕೊಂಡು ಬನ್ನಿ ಎಂದರು. ನಾವು ಏಳುವಾಗ ಬಾಗಿಲ ಹತ್ತಿರ ಕರೆದು ಇನ್ನೊಂದು ಮಾತು ಹೇಳಿದರು. ಗಂಟು ಯಾವತ್ತಾದರೂ ಒಳಗೆ ಹೋಗದೆ ಗಟ್ಟಿಯಾಗಿ ನಿಂತರೆ, ವಾಂತಿ ಶುರುವಾದರೆ, ಇದ್ದಲ್ಲಿಂದ ಎದ್ದು ಬರಬೇಕು. ತಡವಾದರೆ ಒಳಗಿನ ಕರುಳಿಗೆ ರಕ್ತ ಹರಿಯುವುದು ನಿಂತು ಅದು ಸತ್ತುಹೋಗುತ್ತದೆ.

ಅಂದಿನಿಂದ ನಮ್ಮ ಮನೆಗಳಿಗೆ ಅಂಜಿಕೆ ಬಂದು ಸೇರಿತು. ಬೆಳಗ್ಗೆ ಎದ್ದ ಕೂಡಲೇ ನಾನು ಕಾಂಪೌಂಡಿನ ಈ ಕಡೆ ನಿಂತು, 'ಒಳಗ ಹೋತೇನು?' ಎಂದು ಕೂಗುತ್ತಿದ್ದೆ. 'ಹೋತು' ಎಂದು ಆ ಕಡೆಯಿಂದ ದನಿ ಬಂದ ಮೇಲೆ ನನ್ನ ಮನೆಯಲ್ಲಿ ಒಲೆ ಹತ್ತುತ್ತಿತ್ತು. ಸಾಲೆಯಿಂದ ಬಂದಾಗ ಮತ್ತೆ ಅದೇ ಪ್ರಶ್ನೆ. ಎದುರು ಮನೆಯವರು ಅಕ್ಕನ ಮನೆಯ ಬೆಕ್ಕಿನ ಬಗ್ಗೆ ಕೇಳುತ್ತಿದ್ದೇನೆ ಎಂದುಕೊಂಡಿದ್ದರಂತೆ. ಅಕ್ಕ ಕೆಮ್ಮು ಬಂದರೆ ಅಂಗೈಯಿಂದ ಹೊಟ್ಟೆ ಒತ್ತಿ ಹಿಡಿಯುತ್ತಿದ್ದಳು. ಸೀನು ಬಂದರೆ ಹೆದರುತ್ತಿದ್ದಳು. ಕೊನೆಗೆ ನಗುವುದಕ್ಕೂ ಒಂದು ಕೈ ಹೊಟ್ಟೆಯ ಮೇಲೆ ಬೇಕಾಯಿತು. ಮಾವ ರಸ್ತೆಯ ಒಂದೊಂದು ಉಬ್ಬಿನ ಮುಂದೆಯೂ ಗಾಡಿ ನಿಲ್ಲಿಸಿ, ಹಿಂದೆ ತಿರುಗಿ ಅವಳ ಮುಖ ನೋಡಿ, ಆಮೇಲೆ ದಾಟಿಸುತ್ತಿದ್ದ. ಹಿಂದಿನ ಗಾಡಿಯವರು ಬೈದರೆ ಬೈಸಿಕೊಳ್ಳುತ್ತಿದ್ದ.

ಅವಳು ಕೈಕಟ್ಟಿ ಕೂತಿದ್ದಳೆಂದು ಯಾರೂ ತಿಳಿಯಬಾರದು. ನಸುಕಿನಲ್ಲಿ ಕಾಲುವೆ ರಸ್ತೆಯಲ್ಲಿ ನಡೆಯಲು ಶುರು ಮಾಡಿದಳು. ಬೈಕಿನ ಮೇಲೆ ಹೋಗುವ ಹುಡುಗರು ಹಾರ್ನ್ ಹೊಡೆದು, 'ಲಾರಿ ಬಂತು, ದಾರಿ ಬಿಡ್ರಲೇ' ಎಂದು ಕೂಗಿದರು. ಒಂದು ವಾರ ತಡೆದುಕೊಂಡಳು. ಆಮೇಲೆ ಅಂಗಡಿಯ ಷಟರ್ ಎಳೆದು, ಕಟಿಂಗ್ ಟೇಬಲ್ಲಿನ ಸುತ್ತ ನಡೆಯತೊಡಗಿದಳು. ಅನ್ನ ಬಿಟ್ಟಳು, ಜೋಳದ ಗಂಜಿ ಕುಡಿದಳು, ಮದುವೆಯೂಟಕ್ಕೆ ಸುಳ್ಳು ನೆಪ ಹೇಳಿದಳು. ತೂಕ ಸ್ವಲ್ಪ ಇಳಿಯಿತು. ಯಾವ ಡಾಕ್ಟರಿಗೂ ಅದು ಕಣ್ಣಿಗೆ ಬೀಳುವಷ್ಟಲ್ಲ.

ಇನ್ನು ಆ ಬಿಪಿ ಪಟ್ಟಿಯ ವಿಷಯ. ಓಣಿಯ ದವಾಖಾನೆಯಲ್ಲಿ ಅದು ಬಿಚ್ಚಿಕೊಂಡಾಗಲೆಲ್ಲ ನರ್ಸು ಬೇಸತ್ತು ಅಂದಾಜಿಗೆ ಏನೋ ಬರೆದು ಕಳಿಸುತ್ತಿದ್ದಳು. ಅಂದಾಜಿನ ಮೇಲೆ ಆಪರೇಷನ್ ಆಗುತ್ತದೆಯೇ? ಒಂದು ದಿನ ಅಕ್ಕ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಉಲ್ಟಾ ಪಲ್ಟಾ ಮಾಡಿ ನೋಡಿದಳು.

'ಸಿಸ್ಟರ್, ಇದನ್ನ ಒಂದು ತಾಸು ನನ್ನ ಕಡಿ ಕೊಡ್ರಿ. ಬರೋಬ್ಬರಿ ಮಾಡಿ ತರ್ತೀನಿ.'

ಪಟ್ಟಿಯ ಬಣ್ಣಕ್ಕೆ ಹೊಂದುವ ನೀಲಿ ಬಟ್ಟೆಯನ್ನು ಹುಡುಕಿ, ಡಬಲ್ ಮಡಚಿ, ಒಂದು ಗೇಣು ಉದ್ದ ಜೋಡಿಸಿದಳು. ಸಾಲೆಯ ಬ್ಯಾಗುಗಳಿಗೆ ಹಾಕುವ ಅಂಟುಪಟ್ಟಿಯನ್ನು ತುದಿಗೆ ಹೊಲಿದಳು. ಜೋಡಿಸಿದ್ದು ಎಲ್ಲಿ ಎಂದು ಹುಡುಕಬೇಕು, ಅಂಥ ಕೆಲಸ. ಮರುದಿನ ಪಟ್ಟಿ ಅವಳ ತೋಳನ್ನು ಪೂರ್ತಿ ಸುತ್ತಿತು. ಗಾಳಿ ತುಂಬಿತು. ಬಿಚ್ಚಿಕೊಳ್ಳಲಿಲ್ಲ. ಬೆಂಚಿನ ಮೇಲಿದ್ದ ಬಂಗಾಲಿ ಅಜ್ಜಿಯೊಬ್ಬಳು ಚಪ್ಪಾಳೆ ತಟ್ಟಿದಳು. ನರ್ಸೂ ನಕ್ಕಳು. ನನಗಂತೂ ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಆಮೇಲೆ ನರ್ಸಿನ ನಗು ನಿಂತಿತು. ಬಿಪಿ ಬಹಳ ಹೆಚ್ಚಿದೆ, ಇಷ್ಟು ದಿನ ಹೇಗೆ ನಡೆದಾಡಿಕೊಂಡಿದ್ದೀರಿ ಎಂದಳು.

ಗುಳಿಗೆ ಶುರುವಾಯಿತು. ಹದಿನೈದು ದಿನ ಬಿಟ್ಟು ಹೋದಾಗ ಬಿಪಿ ಇನ್ನೂ ಹೆಚ್ಚೇ ತೋರಿಸಿತು. ಗುಳಿಗೆ ಎರಡಾಯಿತು, ಆಮೇಲೆ ಇನ್ನೊಂದು ಸೇರಿತು. ಅಕ್ಕನಿಗೆ ಎದ್ದು ನಿಂತರೆ ಕಣ್ಣು ಕತ್ತಲಿಡತೊಡಗಿತು. ಒಂದು ಸಲ ಮಷಿನ್ ಪಕ್ಕದಲ್ಲೇ ಕುಸಿದು ಕೂತಳು. ನಾನೂ ಮಾವನೂ ಸೇರಿ ಎಬ್ಬಿಸಲಾಗದೆ, ಅವಳೇ ಸುಧಾರಿಸಿಕೊಂಡು ಗೋಡೆ ಹಿಡಿದು ಏಳುವ ತನಕ ಅವಳ ಎರಡೂ ಬದಿಯಲ್ಲಿ ಸುಮ್ಮನೆ ಕೂತೆವು. ಆ ಹೊತ್ತಿನಲ್ಲಿ ನನಗಾದ ಭಯವನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. ಆಪರೇಷನ್ ಮಾತೆತ್ತಿದರೆ, ಬಿಪಿ ಇಳಿಯಲಿ ಎಂಬ ಒಂದೇ ಉತ್ತರ. ತಿಂಗಳುಗಳು ಹೋದವು. ನಿಂಬೆಹಣ್ಣಿನಷ್ಟಿದ್ದ ಗಂಟು ಮೋಸಂಬಿಯಷ್ಟಾಯಿತು. ಬೆಳಗಿನ ನನ್ನ ಕೂಗಿಗೆ ಆ ಕಡೆಯಿಂದ ಉತ್ತರ ಬರುವುದು ತಡವಾಗತೊಡಗಿತು. 'ತಡಿ, ಇನ್ನೂ ಒತ್ತಾಕತ್ತೀನಿ' ಎನ್ನುತ್ತಿದ್ದಳು. ನಾನು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿ ಇಟ್ಟುಕೊಂಡೇ ನಿಂತಿರುತ್ತಿದ್ದೆ.

ಲಿಂಗಸುಗೂರಿನ ಒಂದು ದವಾಖಾನೆಗೆ ವಾರಕ್ಕೊಮ್ಮೆ ರಾಯಚೂರಿನಿಂದ ಸರ್ಜನ್ ಬರುತ್ತಾರೆ ಎಂದು ನಮ್ಮ ಸಾಲೆಯ ಹೆಡ್‌ಮಾಸ್ತರರು ಹೇಳಿದರು. ಮಾವ ಕುರ್ಚಿ ಬಿಗಿಯಾಗಿ ಕಟ್ಟಿದ. ಮಸ್ಕಿ ದಾಟಿ ಹೋಗುವಷ್ಟರಲ್ಲಿ ಬಿಸಿಲೇರಿತ್ತು. ಆ ಡಾಕ್ಟರು ಅಕ್ಕನ ಮಾತು ಮುಗಿಯುವ ಮುಂಚೆಯೇ ಎದ್ದು, ಕೈ ತೊಳೆದುಕೊಂಡು, ಅವಳನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. ಅವರು ಕೈ ತೊಳೆಯಲು ಎದ್ದಾಗ ಅಕ್ಕ ನನ್ನ ಕಡೆ ತಿರುಗಿ ನೋಡಿದ ನೋಟ ನೆನಪಿದೆ. ಏನೋ ತಪ್ಪಾಗಿದೆ, ನಮ್ಮನ್ನು ಹೊರಗೆ ಕಳಿಸಲು ಎದ್ದಿದ್ದಾರೆ ಎಂದುಕೊಂಡಿದ್ದಳು.

ಅಲ್ಲಿ ಅಗಲದ, ದೊಡ್ಡ ಪಟ್ಟಿ ಇತ್ತು. ಬಿಪಿ ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿದರು. 'ಬಿಪಿ ಕಡಿಮೆನೇ ಇದೆಯಲ್ಲಮ್ಮ. ಇಷ್ಟು ಮಾತ್ರೆ ಯಾಕೆ ನುಂಗ್ತಿದ್ದೀರಿ?'

ಅಕ್ಕ ತನ್ನ ಹೊಲಿಗೆಯ ಕಥೆ ಹೇಳಿದಳು. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರು ತಮ್ಮ ಪಟ್ಟಿಯನ್ನು ಅವಳ ಕೈಗೆ ಕೊಟ್ಟು, ಒಳಗಿರುವ ರಬ್ಬರಿನ ಚೀಲವನ್ನು ಬೆರಳಿಂದ ತೋರಿಸಿದರು. ತೋಳನ್ನು ಸುತ್ತಬೇಕಾದದ್ದು ಈ ಚೀಲ. ಹೊರಗೆ ಎಷ್ಟು ಬಟ್ಟೆ ಜೋಡಿಸಿದರೂ ಇದು ದೊಡ್ಡದಾಗುವುದಿಲ್ಲ. ದೊಡ್ಡ ತೋಳಿಗೆ ಸಣ್ಣ ಚೀಲ ಕಟ್ಟಿ ನೋಡಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಅಕ್ಕ ಚೀಲವನ್ನು ಒತ್ತಿ ಒತ್ತಿ ನೋಡಿದಳು. 'ಹಂಗಾರ ನಾ ಹೊಲದ ಪಟ್ಟಿನ ನನಗ ಅಡ್ಡ ನಿಂತಿತ್ತೇನ್ರಿ ಇಷ್ಟು ದಿನ?' ಎಂದಳು.

'ನಿಮ್ಮ ತಪ್ಪಲ್ಲಮ್ಮ. ಅವರು ಒಂದು ದೊಡ್ಡ ಪಟ್ಟಿ ತರಿಸಿ ಇಡಬೇಕಿತ್ತು' ಎಂದರು ಡಾಕ್ಟರು. ಗುಳಿಗೆ ಕಡಿಮೆ ಮಾಡಿದರು. ಎರಡು ವಾರ ಬಿಟ್ಟು ಆಪರೇಷನ್ ಎಂದು ದಿನ ಕೊಟ್ಟರು. ನಾನು ಅವರ ನಂಬರ್ ಕೇಳಿ ಬರೆದುಕೊಂಡೆ.

ಆ ದಿನ ವಾಪಸು ಬರುವಾಗ ಮಸ್ಕಿಯಲ್ಲಿ ಗಾಡಿ ನಿಲ್ಲಿಸಿ ಚಾ ಕುಡಿದೆವು. ಅಕ್ಕ ಕುರ್ಚಿಯಿಂದ ಇಳಿಯದೆ, ಮೇಲಿಂದಲೇ ಕಪ್ಪು ಈಸಿಕೊಂಡು ಕುಡಿದಳು. ಮಾವ ಯಾರಿಗೋ ಫೋನ್ ಹಚ್ಚಿ ದಿನ ಸಿಕ್ಕಿದ್ದನ್ನು ಮದುವೆಯ ಮುಹೂರ್ತ ಹೇಳುವ ಹಾಗೆ ಹೇಳುತ್ತಿದ್ದ. ಸಿಂಧನೂರು ಮುಟ್ಟಿದ ಮೇಲೆ ಅಕ್ಕ ಮನೆಗೆ ಹೋಗಲಿಲ್ಲ. ನೇರ ಓಣಿಯ ದವಾಖಾನೆಗೆ ಹೋಗಿ ಆ ಪಟ್ಟಿ ಕೇಳಿ ಈಸಿಕೊಂಡು, ಬ್ಲೇಡಿನಿಂದ ತಾನು ಹೊಲಿದ ಹೊಲಿಗೆಯನ್ನು ಒಂದೊಂದಾಗಿ ಕೊಯ್ದು ಬಿಚ್ಚಿದಳು. ಚೆನ್ನಾಗಿತ್ತಲ್ಲ, ಯಾಕೆ ಕೆಡಿಸುತ್ತೀರಿ ಎಂದು ಕಂಪೌಂಡರ್ ರೇಗಿದ.

'ನನ್ನಂಥಾಕಿ ಇನ್ನೊಬ್ಬಾಕಿ ಬರ್ತಾಳಪ್ಪಾ. ಆಕಿಗೆ ಇದು ಸುಳ್ಳು ಹೇಳಬಾರದು' ಎಂದಳು.

ಆಪರೇಷನ್ನಿಗೆ ಇನ್ನೂ ಒಂದು ವಾರವಿತ್ತು. ಮಸ್ಕಿಯಲ್ಲಿ ಅವಳ ಹಳೆಯ ಗಿರಾಕಿಯೊಬ್ಬಳ ಮಗಳ ಕುಬಸ. ಚೊಚ್ಚಲು. ಹಸಿರು ಕುಬಸವನ್ನು ಅಕ್ಕನೇ ಹೊಲಿದಿದ್ದಳು. ಮೊದಲ ಕುಂಕುಮಕ್ಕೆ ನೀವೇ ಬರಬೇಕು ಎಂದು ಮನೆಗೆ ಬಂದು ಕೈಹಿಡಿದು ಹೇಳಿ ಹೋಗಿದ್ದರು. ಹೋಗಬೇಡ ಎಂದು ನಾನು ಜಗಳವಾಡಿದೆ. ಬಸುರಿ ಹುಡುಗಿಗೆ ಇಲ್ಲ ಅನ್ನಬಾರದು ಎಂದಳು. ನಾನೂ ಜೊತೆಗೆ ಹೋದೆ. ಅಂಜಿಕೆಯಿಂದಲೇ ಹೋದೆ.

ಅಲ್ಲಿ ಅವಳಿಗೆ ಕುರ್ಚಿ ಹಾಕಿದ್ದರು. ಆದರೆ ಚಾಪೆಯ ಮೇಲೆ ಕೂತ ಹುಡುಗಿಗೆ ಕುರ್ಚಿಯ ಮೇಲಿಂದ ಕುಂಕುಮ ಹಚ್ಚಲು ಅಕ್ಕ ಒಪ್ಪಲಿಲ್ಲ. ನೆಲಕ್ಕೆ ಕೂತಳು. ಕೈಗೆ ಬಳೆ ಏರಿಸಿದಳು, ಕುಬಸದ ಭುಜ ಸರಿಪಡಿಸಿದಳು, ಉಡಿ ತುಂಬಲು ಮುಂದೆ ಬಾಗಿದಳು. ಬಾಗಿದವಳು ಒಂದು ಗಳಿಗೆ ಹಾಗೇ ಉಳಿದುಬಿಟ್ಟಳು. ಅವಳ ಎಡಗೈ ಮೆಲ್ಲಗೆ ಸೆರಗಿನ ಒಳಗೆ ಹೋಯಿತು. ಹೆಂಗಸರು ಸೋಬಾನೆ ಹಾಡುತ್ತಿದ್ದರು. ನಾನು ಸರಿದು ಹತ್ತಿರ ಹೋಗಿ ಕಿವಿಯಲ್ಲಿ ಕೇಳಿದೆ.

'ಒಳಗ ಹೋತೇನು?'

'ಹೋತು. ಸುಮ್ಮನಿರು.'

ಅವಳ ಮೇಲ್ದುಟಿಯ ಮೇಲೆ ಬೆವರು ಸಾಲಾಗಿ ನಿಂತಿತ್ತು. ನಾನು ಮತ್ತೆ ಕೇಳಿದೆ. ನನ್ನ ಮಣಿಕಟ್ಟನ್ನು ಹಿಡಿದು ಅದುಮಿದಳು. ಆ ಹಿಡಿತದಲ್ಲಿ ನನಗೆ ಎಲ್ಲ ತಿಳಿಯಿತು. ಏಳು, ಹೋಗೋಣ ಎಂದೆ. ಹಲ್ಲು ಕಚ್ಚಿಕೊಂಡು ಹೇಳಿದಳು: 'ಆರತಿ ಆಗಲಿ. ಮೊದಲ ಕುಂಕುಮ ಹಚ್ಚಿದಾಕಿ ನಡುವ ಎದ್ದು ವಾಂತಿ ಮಾಡಿಕೊಂಡು ಹೋದ್ಲಂದ್ರ ಆ ಹುಡುಗಿ ಹೆರೂತನಕ ಅದನ್ನ ಮನಸಿನ್ಯಾಗ ಇಟಗೊಂಡು ಅಂಜತಾಳ. ಆಕಿಗೆ ಅಂಜಿಕಿ ಹಚ್ಚಬಾರದು.'

ಹಾಡು ಮುಗಿಯಲೊಲ್ಲದು. ಒಬ್ಬರಾದ ಮೇಲೆ ಒಬ್ಬರು ಬಂದು ಕುಂಕುಮ ಹಚ್ಚುತ್ತಲೇ ಇದ್ದರು. ಅಕ್ಕ ಎಲ್ಲರಿಗೂ ನಗು ತೋರಿಸುತ್ತಿದ್ದಳು. ಆ ನಗುವನ್ನು ನೋಡಲಾರದೆ ನಾನು ಹೊರಗೆ ಓಡಿ ಮಾವನಿಗೆ ಗಾಡಿ ತಿರುಗಿಸಲು ಹೇಳಿ ಬಂದೆ. ಆರತಿಯಾಯಿತು. ನಾಲ್ಕು ಜನ ಹಿಡಿದು ಎಬ್ಬಿಸಿದರು. ಅಂಗಳ ದಾಟಿ, ಹುಡುಗಿಗೆ ಕಾಣದ ಹಾಗೆ ಗೋಡೆಯ ಮರೆಗೆ ಹೋದ ಮೇಲೆ, ಅಕ್ಕ ಬಗ್ಗಿ ವಾಂತಿ ಮಾಡಿಕೊಂಡಳು.

ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಅಲ್ಲಿದ್ದವನು ಬಾಗಿಲ ತನಕ ಬಂದು, ಗಾಡಿಯಲ್ಲಿದ್ದವಳನ್ನು ದೂರದಿಂದಲೇ ನೋಡಿದ. 'ಗ್ಯಾಸ್ ಆಗೈತಿ. ಇಷ್ಟು ಮೈ ಇಟಗೊಂಡು ಫಂಕ್ಷನ್ ಊಟ ಹೊಡದ್ರ ಇನ್ನೇನಾಗತೈತಿ?' ಎಂದ. ಅವಳು ಬೆಳಗಿನಿಂದ ಒಂದು ಲೋಟ ಗಂಜಿ ಬಿಟ್ಟು ಏನೂ ಕುಡಿದಿಲ್ಲ, ಅದು ಹರ್ನಿಯಾ, ಗಟ್ಟಿಯಾಗಿ ನಿಂತಿದೆ ಎಂದು ನಾನು ಕಿರುಚಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೂ ಗೊತ್ತಿರಲಿಲ್ಲ. ಅವನು ಹಾಗಾದರೆ ದೊಡ್ಡ ಊರಿಗೆ ಒಯ್ಯಿರಿ ಎಂದು ಒಳಗೆ ಹೋದ. ಸರ್ಜನ್‌ಗೆ ಫೋನ್ ಹಚ್ಚಿದೆ. ಅದು ಅವರು ಬರುವ ದಿನವಲ್ಲ. ಲಿಂಗಸುಗೂರಿಗೆ ಕರೆದುಕೊಂಡು ಬನ್ನಿ, ನಾನೀಗಲೇ ರಾಯಚೂರು ಬಿಡುತ್ತೇನೆ ಎಂದರು. ಆಂಬುಲೆನ್ಸ್ ದೂರದಲ್ಲಿತ್ತು. ಅದಕ್ಕೆ ಕಾಯುವ ಧೈರ್ಯ ನಮಗಿರಲಿಲ್ಲ. ನಮ್ಮ ಹಿಂದೆಯೇ ಬಂದ ಕುಬಸದ ಮನೆಯವರು ಗಾದಿ ತರಿಸಿ ಟಂಟಂನಲ್ಲಿ ಹಾಸಿದರು. ಮಾವ ಕುರ್ಚಿ ಬಿಚ್ಚಿ ರಸ್ತೆಯ ಬದಿಗೆ ಇಟ್ಟ.

ಮಸ್ಕಿಯಿಂದ ಲಿಂಗಸುಗೂರಿಗೆ ಅದೆಷ್ಟು ದೂರ ಎಂದು ನಾನು ಯಾರನ್ನೂ ಕೇಳಬೇಕಾಗಿಲ್ಲ. ಪ್ರತಿಯೊಂದು ಗುಂಡಿಯೂ ಅವಳ ಮುಖದ ಮೇಲೆ ಕಂಡಿದೆ ನನಗೆ. ಮಾವ ಜೋರಾಗಿ ಹೋದರೆ ಅವಳು ನರಳುತ್ತಿದ್ದಳು, ಮೆಲ್ಲಗೆ ಹೋದರೆ ನನ್ನ ಜೀವ ಹೋಗುತ್ತಿತ್ತು. ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಿಸಿಲು ಬೀಳದಂತೆ ಸೆರಗು ಹಿಡಿದು ಕೂತಿದ್ದೆ.

'ನಂಗ ಅಂಜಿಕಿ ಬರಾಕತ್ತೈತಿ' ಎಂದಳು. ಅಷ್ಟು ವರ್ಷಗಳಲ್ಲಿ ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

'ಏನೂ ಆಗಂಗಿಲ್ಲಕ್ಕಾ. ಡಾಕ್ಟರು ಹಾದ್ಯಾಗ ಅದಾರ' ಎಂದೆ.

'ಸಾಯೂದಕ್ಕಲ್ಲ ಬೇ. ಅವರು ಬರೂತನಕ ಅಲ್ಲಿ ಬ್ಯಾರೆ ಯಾರರ ಇದ್ರ... ಎದ್ದು ಬಂದು ನೋಡ್ತಾರಿಲ್ಲೋ?'

ನಾನು ನೋಡುತ್ತಾರೆ ಎಂದೆ. ಅವಳು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತೆರೆದಳು. 'ನಿನಗ ಬಲಪಕ್ಕಿ ನೋವೈತಿ. ಬ್ಲೌಸ್ ಹಾಕಿ ನೋಡೂವಾಗ ಕೈ ಎತ್ತಿದ್ರ ಮುಖ ಕಿವಚ್ತಿ, ನಾ ನೋಡೀನಿ. ತೂಕ ಇಳಿಸಿಕೊಂಡು ಆಮ್ಯಾಲ ಹೋಗ್ತೀನಂತ ಕುಂದರಬ್ಯಾಡ. ಹಿಂಗ ಇದ್ದಂಗ ಹೋಗು. ಮುಟ್ಟಿ ನೋಡೂತನಕ ಏಳಬ್ಯಾಡ.'

ಲಿಂಗಸುಗೂರಿನಲ್ಲಿ ಅವಳನ್ನು ಸ್ಟ್ರೆಚರ್ ಮೇಲೆ ಹಾಕಲು ಹೋದರೆ ಅದು ಅಗಲ ಸಾಲದು. ಗಾದಿ ಸಮೇತ ಎತ್ತಿದರು. ಹೊರಗೆ ಚಾ ಕುಡಿಯುತ್ತ ನಿಂತವರು, ಯಾರದೋ ಹೆರಿಗೆಗೆ ಬಂದವರು, ಹೆಸರು ಗೊತ್ತಿಲ್ಲದವರು ಓಡಿಬಂದು ಕೈಹಚ್ಚಿದರು. ಅಲ್ಲಿದ್ದ ಸಣ್ಣ ವಯಸ್ಸಿನ ಡಾಕ್ಟರಮ್ಮ ನಾವು ಕರೆಯುವ ಮೊದಲೇ ಎದ್ದು ಬಂದಳು. ಅಕ್ಕನಿಗೆ ಅದು ಕಂಡಿತು. ಅದೊಂದು ನನಗೆ ಸಮಾಧಾನ. ಸರ್ಜನ್ ಬಂದಾಗ ಇಳಿಹೊತ್ತು. ಆಪರೇಷನ್ ಮುಗಿಸಿ ಹೊರಗೆ ಬಂದವರು ಮಾವನ ಹೆಗಲ ಮೇಲೆ ಕೈಯಿಟ್ಟು, ಕರುಳಿನ ಒಂದು ಭಾಗ ಆಗಲೇ ಕಪ್ಪಾಗಿತ್ತು, ತೆಗೆದಿದ್ದೇನೆ, ಇನ್ನು ನೋಡಬೇಕು ಎಂದರು. ಬೆಳಿಗ್ಗೆ ಬಂದಿದ್ದರೆ ಎನ್ನಲಿಲ್ಲ. ಒಂದು ತಿಂಗಳ ಹಿಂದೆ ಬಂದಿದ್ದರೆ ಎಂದೂ ಅನ್ನಲಿಲ್ಲ. ಅವರ ಮುಖ ನೋಡುತ್ತ ನಾನೇ ಎಲ್ಲ ಅಂದುಕೊಂಡೆ.

ನಂಜು ಮೈಗೇರಿತು. ಕೆಲವೇ ದಿನ ಇದ್ದಳು. ಹೋಗುವಾಗ ಮಾತಿರಲಿಲ್ಲ. ಮಾವ ಅವಳ ಹಣೆಗೆ ವಿಭೂತಿ ಹಚ್ಚುತ್ತ, ಹಚ್ಚಿದ್ದನ್ನೇ ಮತ್ತೆ ಹಚ್ಚುತ್ತ ಕೂತಿದ್ದ. ಸಿಂಧನೂರಿನ ಮನೆಯ ಮುಂದೆ ಎಲ್ಲ ಕ್ಯಾಂಪುಗಳ ಹೆಂಗಸರೂ ಬಂದು ಸೇರಿದ್ದರು. ಹೆಚ್ಚುಕಡಿಮೆ ಎಲ್ಲರೂ ಅವಳು ಹೊಲಿದ ಬ್ಲೌಸನ್ನೇ ತೊಟ್ಟಿದ್ದರು. ತೆಲುಗಿನಲ್ಲಿ, ಉರ್ದುವಿನಲ್ಲಿ, ಬಂಗಾಲಿಯಲ್ಲಿ ಅಳುತ್ತಿದ್ದರು. ಮಸ್ಕಿಯ ಆ ಹುಡುಗಿಗೆ ಹೆರಿಗೆಯಾಗುವ ತನಕ ಸುದ್ದಿ ಹೇಳಬಾರದೆಂದು ಅವಳ ತಾಯಿ ಎಲ್ಲರ ಬಾಯಿಗೂ ಆಣೆ ಹಾಕಿದ್ದಳು. ಹುಡುಗಿ ಸುಖವಾಗಿ ಹೆತ್ತಳು.

ಬಲಪಕ್ಕೆಯ ನೋವು ನನಗೆ ಬಹಳ ದಿನದಿಂದ ಇತ್ತು. ಅಕ್ಕ ಹೋದ ಮೇಲೂ ದವಾಖಾನೆಯ ಬಾಗಿಲ ತನಕ ಹೋಗಿ ತಿರುಗಿ ಬಂದಿದ್ದೇನೆ. ಸಾಯುವ ಭಯಕ್ಕಿಂತ ಡಾಕ್ಟರ ಕುರ್ಚಿಯ ಮುಂದೆ ಕೂರುವ ಭಯ ದೊಡ್ಡದು ಎಂದು ತೆಳ್ಳಗಿರುವವರಿಗೆ ಹೇಗೆ ಹೇಳುವುದು? ಕೊನೆಗೆ ಒಂದು ದಿನ, ಅವಳು ಮೂರು ಬೆರಳು ಬಟ್ಟೆ ಒಳಗೆ ಬಿಟ್ಟು ಹೊಲಿದ ಬ್ಲೌಸ್ ತೊಟ್ಟು ಹೋಗಿ ಕೂತೆ. ಡಾಕ್ಟರು ತಲೆ ಎತ್ತದೆ, ನಾನು ನೋವು ಎಲ್ಲಿ ಎಂದು ಹೇಳುವ ಮೊದಲೇ, 'ತೂಕ ಇಳಿಸ್ಬೇಕ್ರಿ ಮೇಡಂ' ಎನ್ನುತ್ತ ಚೀಟಿ ಬರೆದು ಮುಂದೆ ತಳ್ಳಿದರು. ಹೊರಗೆ ಕಂಪೌಂಡರ್ ಮುಂದಿನವರ ಹೆಸರು ಕೂಗಿದ. ನಾನು ಎದ್ದೆ. ಬಾಗಿಲ ತನಕ ಹೋದೆ. ತಿರುಗಿ ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತೆ.

'ಇಳಸ್ತೀನ್ರಿ' ಎಂದೆ. 'ಆದ್ರ ಇವತ್ತು ಮುಟ್ಟಿ ನೋಡ್ರಿ. ನೋಡೂತನಕ ನಾ ಏಳಂಗಿಲ್ಲ.'

ಮುಂದಿನ ಪೇಷಂಟು ಬಾಗಿಲಲ್ಲಿ ಬಂದು ನಿಂತಿದ್ದ. ಡಾಕ್ಟರು ನನ್ನನ್ನು ನೋಡಿದರು. ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದು ಕೂತಿದ್ದೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಎದ್ದರು.

'ಮಲಗ್ರಿ' ಎಂದರು.

ಮಲಗಿದೆ. ಅಂಜಿಕೆ ಹೋಗಿರಲಿಲ್ಲ. ಆದರೂ ಮಲಗಿದೆ.